ಸಸಿ ಮುಟ್ಟಿದ ಕೈ

ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಬೀಜ ಕೊಳ್ಳಲು ಬರುತ್ತಾರೆ, ಇನ್ನರ್ಧ ಜನ ತಮ್ಮ ದಡ್ಡತನಕ್ಕೆ ಔಷಧಿ ಕೇಳಲು ಬರುತ್ತಾರೆ. ಕಾಗದದ ಲೋಟದಲ್ಲಿ ಸೊರಗಿದ ಟೊಮೆಟೊ ಸಸಿಯೊಂದನ್ನು ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು, "ಡಾಕ್ಟರಮ್ಮ, ದಿನಾ ನೀರು ಹಾಕ್ತೀನಿ, ಆದ್ರೂ ಹೀಗಾಯ್ತು" ಎನ್ನುತ್ತಾರೆ. ದಿನಾ ನೀರು ಹಾಕಿದ್ದಕ್ಕೇ ಹೀಗಾಗಿದ್ದು ಎಂದು ಅವರಿಗೆ ಹೊಳೆಯುವುದಿಲ್ಲ. ಮನೆಯೊಳಗೆ ಸಸಿ ಎಬ್ಬಿಸುವುದೆಂದರೆ ಕೂಸು ಸಾಕಿದ ಹಾಗೆ ಎಂದು ಯಾರೋ ಹೇಳಿರುತ್ತಾರೆ. ಇವರು ಮುದ್ದು ಮಾಡೀ ಮಾಡೀ ಕೊಲ್ಲುತ್ತಾರೆ.

ನಾನು ಐದು ಬೆರಳು ಮಡಚಿ ಐದು ಪ್ರಶ್ನೆ ಕೇಳುತ್ತೇನೆ. ಕಿರುಬೆರಳು ಬೆಳಕಿಗೆ, ಉಂಗುರದ ಬೆರಳು ನೀರಿಗೆ, ನಡುಬೆರಳು ಚಳಿಗೆ, ತೋರುಬೆರಳು ಮಣ್ಣಿಗೆ. ಹೆಚ್ಚಿನ ಕಾಯಿಲೆಗಳು ಈ ನಾಲ್ಕರಲ್ಲೇ ಸಿಕ್ಕಿಬೀಳುತ್ತವೆ. ಸಿಗದಿದ್ದರೆ ಮಾತ್ರ ಹೆಬ್ಬೆರಳು: ಈ ಸಸಿಯನ್ನು ಮುಟ್ಟುವವರು ಯಾರು? ಊರಾಚೆಯ ದೊಡ್ಡ ನರ್ಸರಿಯಲ್ಲಿ ಇಪ್ಪತ್ತೆಂಟು ವರ್ಷ ಸಸಿಮನೆ ನೋಡಿಕೊಂಡವಳು ನಾನು. ಈ ಬೆರಳಿನ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ನನ್ನ ಅಳಿಯನ ವಿಷಯದಲ್ಲೂ ಲೆಕ್ಕ ಸರಿಯಾಗಿಯೇ ಇತ್ತು. ಮಡಚಿದ ಬೆರಳು ಯಾರದೆಂದು ನಾನು ನೋಡಿಕೊಳ್ಳಲಿಲ್ಲ, ಅಷ್ಟೆ.

ಅಳಿಯ ಗ್ಯಾಸ್ ಸ್ಟೌ ರಿಪೇರಿ ಮಾಡುವವನು. ಬೀದಿಯಲ್ಲೆಲ್ಲ ಅವನ ಹೆಸರು ಬರ್ನರ್. ಮದುವೆಯಾದ ಮೇಲೆ ನಮ್ಮ ಮನೆಗೇ ಬಂದು ಸೇರಿಕೊಂಡ, ಅಂದರೆ ಮನೆ ಅಳಿಯ. "ಅಳಿಯ ಅಲ್ಲ, ಮಗಳ ಗಂಡ" ಎಂದು ಜನ ತಮಾಷೆಗೆ ಹೇಳುತ್ತಾರಲ್ಲ, ನಾನು ಅದನ್ನು ತಮಾಷೆಗೆ ಹೇಳುತ್ತಿರಲಿಲ್ಲ. ಕಪ್ಪು ಹಿಡಿದ ಉಗುರು, ಬಾಯಲ್ಲಿ ಸದಾ ಯಾವುದೋ ಗುನುಗು, ಚಪ್ಪಲಿ ಬಿಡುವಾಗ ಒಂದು ಇಲ್ಲಿ ಒಂದು ಅಲ್ಲಿ. ಮಗಳು ಅವನನ್ನು ಏಕೆ ಮೆಚ್ಚಿದಳೋ ಅವಳಿಗೇ ಗೊತ್ತು.

ನನ್ನ ಗಂಡ ಸಿಗರೇಟಿನಿಂದ ಸತ್ತವನು. ಹೊಗೆ ಬಿಟ್ಟೂ ಬಿಟ್ಟೂ ಕೊನೆಗೆ ತಾನೇ ಹೊಗೆಯಾಗಿ ಹೋದ. ಹಿಂದಿನ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದ್ದ. ಅವನು ಉಸಿರು ಎಳೆಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಮಗಳು ಆ ಸದ್ದು ಕೇಳಿಕೊಂಡೇ ಓದು ಮುಗಿಸಿದಳು, ಕೇಳಿಕೊಂಡೇ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಂಥವಳು ಹೋಗಿ ಹೋಗಿ ಸಿಗರೇಟು ಸೇದುವವನನ್ನೇ ತಂದಳು. ಬಿಡುತ್ತೇನೆಂದು ಮಾತು ಕೊಟ್ಟು ಮದುವೆಯಾದವನು ಎರಡು ಸಲ ಮಾತು ಮುರಿದು ಸಿಕ್ಕಿಬಿದ್ದ. ಎರಡನೆಯ ಸಲ ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ಮೂರನೇ ಸಲ ನಾನು ಮಾತಾಡೋದಿಲ್ಲ ರೀ," ಎಂದಳು. "ನಿಮ್ಮ ಬ್ಯಾಗು ಬಾಗಿಲಲ್ಲಿ ಇರುತ್ತೆ. ಅಪ್ಪನ ಆ ಸದ್ದನ್ನ ಇನ್ನೊಂದು ಸಲ ಕೇಳೋ ಶಕ್ತಿ ನನಗಿಲ್ಲ."

ಅದಾಗಿ ಹತ್ತು ತಿಂಗಳಾಗಿತ್ತು. ಬಿಟ್ಟಿದ್ದೇನೆ ಎನ್ನುತ್ತಿದ್ದ. ಮೂರನೆಯ ಸಲ ಯಾವಾಗ ಬರುತ್ತದೋ ಎಂದು ನಾನು ಕಾಯುತ್ತಿದ್ದೆ. ಮುಚ್ಚುಮರೆ ಏಕೆ, ನನಗೆ ಹೊಟ್ಟೆಕಿಚ್ಚು. ಗಂಡ ಹೋದ ಮೇಲೆ ಐದು ವರ್ಷ ನಾನು, ಮಗಳು ಇಬ್ಬರೇ ಇದ್ದೆವು. ಒಂದು ದಿನವೂ ಅವಳು ನನ್ನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿರಲಿಲ್ಲ. ಇವನು ಬಂದು ಸ್ಟೌವಿನ ಕಥೆ ಹೇಳಿದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದಳು.

ಗಂಡ ಮಲಗಿದ್ದ ಆ ಹಿಂದಿನ ಕೋಣೆಯಲ್ಲಿ ಈಗ ನಾನು ಸಸಿ ಎಬ್ಬಿಸುತ್ತೇನೆ. ಹೊರಗೆ ಚಳಿ ಬಿಡುವಷ್ಟರಲ್ಲಿ ಸಸಿ ಸಿದ್ಧವಿರಬೇಕು, ಇಲ್ಲದಿದ್ದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ. ಕಬ್ಬಿಣದ ಮೂರು ಅಂತಸ್ತಿನ ಸ್ಟ್ಯಾಂಡು, ಪ್ರತಿ ಅಂತಸ್ತಿಗೂ ಮೇಲೆ ಟ್ಯೂಬ್‌ಲೈಟು, ಹತ್ತು ಟ್ರೇ, ಒಂದೊಂದರಲ್ಲಿ ನಲವತ್ತು ಸಸಿ. ಈ ವರ್ಷ ನನ್ನ ಮಂಡಿ ಕೈಕೊಟ್ಟಿತು. ಬೆಳಗಿನ ಕೆಲಸವನ್ನು ಬರ್ನರ್‌ಗೆ ವಹಿಸು ಎಂದು ಮಗಳೇ ಹೇಳಿದಳು. "ಅವ್ರಿಗೂ ಒಂದು ಧ್ಯಾನ ಬೇಕಮ್ಮ. ಕೈಗೆ ಕೆಲಸ ಇದ್ರೆ ಸಿಗರೇಟ್ ನೆನಪಾಗಲ್ಲ." ಒಪ್ಪಿದೆ. ಎಡವಲಿ, ಬಯ್ಯಲು ಒಂದು ನೆಪವಾಯಿತು ಎಂದುಕೊಂಡೇ ಒಪ್ಪಿದೆ.

ಎಡವಿದ. ಎಂಟನೆಯ ದಿನಕ್ಕೆ ಸಸಿಗಳು ಉದ್ದುದ್ದ ಬಿಳಿಚಿಕೊಂಡು, ಕತ್ತು ಚಾಚಿ, ಒಂದರ ಮೇಲೊಂದು ಒರಗಿದವು. ಕಿರುಬೆರಳು ಮಡಚಿದೆ. "ಲೈಟು ಮಾಳಿಗೆಯಲ್ಲಿದೆ, ಸಸಿ ನೆಲಮನೆಯಲ್ಲಿದೆ. ಕತ್ತು ಚಾಚದೆ ಏನು ಮಾಡ್ತವೆ? ನಾಲ್ಕು ಬೆರಳು ಅಂತರಕ್ಕೆ ಇಳಿಸು." ಅವನು ಬೈಸಿಕೊಂಡು ಹಲ್ಲುಕಿರಿದ. ಮಧ್ಯಾಹ್ನದೊಳಗೆ ಹಳೆಯ ಸರಪಳಿ, ಕೊಕ್ಕೆ ತಂದು ಲೈಟನ್ನು ಬೇಕಾದಾಗ ಏರಿಸಿ ಇಳಿಸುವ ಹಾಗೆ ಕಟ್ಟಿದ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಅದು ತೋಚಿರಲಿಲ್ಲ. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ.

ಆಮೇಲೆ ಒಂದು ಟ್ರೇಯಲ್ಲಿ ಸಸಿಗಳ ಬುಡ ದಾರದಂತೆ ಸಣ್ಣಗಾಗಿ, ಕೊಳೆತು, ಹನ್ನೊಂದು ಸಸಿ ಮಗುಚಿ ಬಿದ್ದವು. ಉಂಗುರದ ಬೆರಳು. "ಸಸಿಗೆ ನೀರು ಹಾಕ್ತಿದ್ದೀಯೋ, ಹೆಣಕ್ಕೆ ಸ್ನಾನ ಮಾಡಿಸ್ತಿದ್ದೀಯೋ?" ಎಂದೆ. ಅವನ ಮುಖ ಪೆಚ್ಚಾಯಿತು. "ಒಣಗಿದ ಹಾಗೆ ಕಾಣ್ತು ಅತ್ತೆ," ಎಂದ. ಮೇಲಿನಿಂದ ಹಾಕುವುದು ಬಿಟ್ಟು, ಕೆಳಗಿನ ತಟ್ಟೆಗೆ ನೀರು ಹಾಕಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲುವುದನ್ನು ಕಲಿಸಿದೆ. ಮೂಲೆಯಲ್ಲಿ ಒಂದು ಸಣ್ಣ ಫ್ಯಾನು ಇಡಿಸಿದೆ. ಮತ್ತೊಂದು ವಾರಕ್ಕೆ ಕೆಳಗಿನ ಅಂತಸ್ತಿನ ಎಲೆಗಳ ಅಡಿ ನೇರಳೆ ಬಣ್ಣಕ್ಕೆ ತಿರುಗಿತು. ನಡುಬೆರಳು: ನೆಲದ ಥಂಡಿ. ಅಡಿಗೆ ಹಲಗೆ ಹಾಕಿಸಿದೆ, ಬಣ್ಣ ತಿಳಿಯಾಯಿತು.

ಎರಡು ಜೊತೆ ಎಲೆ ಬಂದ ಮೇಲೆ ಸವರುವುದನ್ನು ಕಲಿಸಿದೆ. ಮನೆಯೊಳಗೆ ಗಾಳಿಯಿಲ್ಲದೆ ಬೆಳೆದ ಸಸಿ ಪೀಚು. ಅಂಗೈಯನ್ನು ಅವುಗಳ ತಲೆಯ ಮೇಲೆ ಹಗುರಾಗಿ ಆಚೆ ಈಚೆ ಆಡಿಸಿದರೆ, ದಿನಕ್ಕೆ ಹತ್ತು ಸಲ, ಕಾಂಡ ಗಟ್ಟಿಯಾಗುತ್ತದೆ, ಹೊರಗೆ ನೆಟ್ಟ ಮೇಲೆ ಗಾಳಿಗೆ ಬಗ್ಗುವುದಿಲ್ಲ. ಬರ್ನರ್‌ಗೆ ಈ ಕೆಲಸ ಎಲ್ಲಕ್ಕಿಂತ ಹಿಡಿಸಿತು. ಬೆಳಿಗ್ಗೆ ಎದ್ದವನೇ ಮುಖ ತೊಳೆದು ಹಿಂದಿನ ಕೋಣೆಗೆ ಹೋಗಿ, ಗುನುಗುತ್ತ, ಶಾಲೆಗೆ ಹೊರಟ ಮಕ್ಕಳ ತಲೆ ನೇವರಿಸುವವನ ಹಾಗೆ ಹತ್ತೂ ಟ್ರೇ ಸವರುತ್ತಿದ್ದ. ಮಕ್ಕಳಿಲ್ಲದ ಮನೆ. ಮಗಳು ಬಾಗಿಲಲ್ಲಿ ನಿಂತು ಅವನನ್ನು ನೋಡುತ್ತಿದ್ದಳು. ಅವಳ ಆ ನೋಟ ನನಗೆ ಸಹಿಸಲಾಗುತ್ತಿರಲಿಲ್ಲ.

ಸಂಜೆ ನನ್ನ ಪಾಳಿ. ಅಂಗಡಿ ಮುಚ್ಚಿ ಬಂದು, ಕೋಣೆಯಲ್ಲಿ ಸ್ಟೂಲು ಎಳೆದು ಕೂತು, ಮೊದಲು ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದೆ. ಹೋದ ಬೇಸಿಗೆಯಲ್ಲಿ ತಲೆನೋವು ಹಿಡಿದು ಬಿಡದಿದ್ದಾಗ ಎದುರು ಮನೆಯ ಮುದುಕಿ ಕೊಟ್ಟ ಡಬ್ಬಿ ಅದು. ಆಮೇಲೆ ನಾನೇ ತರಿಸಿಕೊಳ್ಳತೊಡಗಿದೆ. ಮನೆಯಲ್ಲಿ ಯಾರೂ ಅದನ್ನು ಚಟ ಎಂದು ಎಣಿಸಿರಲಿಲ್ಲ, ಅಮ್ಮನ ತಲೆನೋವಿನ ಮದ್ದು ಅಷ್ಟೆ. ಎರಡು ಸೀನು ಬಂದು ಕಣ್ಣು ನಿಚ್ಚಳವಾದ ಮೇಲೆ ಒಂದೊಂದೇ ಸಸಿಯ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ತಿರುಗಿಸಿ, ಅಡಿ ನೋಡುತ್ತಿದ್ದೆ. ಸಸಿಗಳು ಕುಳ್ಳಗೆ, ದಪ್ಪಗೆ, ಕಡುಹಸಿರಾಗಿ ನಿಂತಿದ್ದವು. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುವಂತೆ ಅವನ್ನು ನೋಡಿದರೇ ಕಾಯಿ ಕಾಣುತ್ತಿತ್ತು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಸಂಜೆ ಮೇಲಿನ ಅಂತಸ್ತಿನಲ್ಲಿ ಒಂದು ಎಲೆ ಬಣ್ಣಗೆಟ್ಟಂತೆ ಕಂಡಿತು. ತಿಳಿ ಹಸಿರು, ಕಡು ಹಸಿರು, ತೇಪೆ ಹಾಕಿದ ಹಾಗೆ. ಮರುದಿನ ಎಂಟು ಸಸಿ. ಐದನೆಯ ದಿನಕ್ಕೆ ಹತ್ತೂ ಟ್ರೇಗಳಲ್ಲಿ ಎಲೆಗಳು ತೇಪೆ ತೇಪೆಯಾಗಿ, ತುದಿ ಸಪೂರಾಗಿ ಮುರುಟಿಕೊಂಡವು. ಬೆಳಕು ಸರಿಯಿತ್ತು, ನೀರು ಸರಿಯಿತ್ತು, ಚಳಿ ಇಲ್ಲ, ಮಣ್ಣು ಹೊಸದು. ನಾಲ್ಕು ಬೆರಳೂ ಮುಗಿದವು.

ಹೆಬ್ಬೆರಳು ಮಡಚಿದಾಗ ನನ್ನ ಎದೆ ಹಾರಿತು. ಭಯದಿಂದಲ್ಲ, ಖುಷಿಯಿಂದ.

ಇದು ನಂಜು. ಸಸಿಮನೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು: ಹೊಗೆಸೊಪ್ಪೂ ಟೊಮೆಟೊವೂ ದಾಯಾದಿಗಳು, ಅದರ ನಂಜು ಇದಕ್ಕೆ ಹತ್ತುತ್ತದೆ. ಹೊಗೆಸೊಪ್ಪು ಒಣಗಿ ವರ್ಷವಾದರೂ ಅದರೊಳಗಿನ ನಂಜು ಸಾಯುವುದಿಲ್ಲ. ಸಿಗರೇಟು ಹಿಡಿದ ಬೆರಳಲ್ಲಿ ಸಸಿ ಮುಟ್ಟಿದರೆ ಮುಗಿಯಿತು. ಅದರ ಮೇಲೆ ಹತ್ತು ಸಲ ಸವರಿದರೆ ಕೇಳಬೇಕೇ, ಒಂದರಿಂದ ಇನ್ನೊಂದಕ್ಕೆ ಬಡಿಸಿದಂತೆಯೇ. ನಾನೂರು ಸಸಿ ಹೋದವು. ಆದರೂ ಅಂದು ನಾನು ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುವಾಗ ಮುಗುಳ್ನಗುತ್ತಿದ್ದೆ.

ಭಾನುವಾರ ಮಧ್ಯಾಹ್ನದವರೆಗೆ ಕಾದೆ. ಮೂವರೂ ಊಟಕ್ಕೆ ಕೂತಿದ್ದೆವು. ಬರ್ನರ್ ಯಾರದೋ ಮನೆಯ ಸ್ಟೌವಿನೊಳಗೆ ಸಿಕ್ಕ ಮದುವೆ ಉಂಗುರದ ಕಥೆ ಹೇಳುತ್ತಿದ್ದ, ಮಗಳು ನಗುತ್ತಿದ್ದಳು. ನಾನು ಎದ್ದು ಹೋಗಿ ಒಂದು ಟ್ರೇ ತಂದು ತಟ್ಟೆಗಳ ನಡುವೆ ಇಟ್ಟೆ.

"ಇದೇನಮ್ಮ ಹೀಗಾಗಿದೆ?" ಎಂದಳು ಮಗಳು.

"ನಿನ್ನ ಗಂಡನ್ನ ಕೇಳು. ಹೊಗೆಸೊಪ್ಪಿನ ನಂಜು. ಸಿಗರೇಟು ಸೇದಿದ ಕೈಯಿಂದ ಮಾತ್ರ ಬರುತ್ತೆ. ಈ ಸಸಿ ಮುಟ್ಟೋರು ಇಬ್ಬರೇ. ನಾನು ಸೇದಲ್ಲ."

ಅವನ ಕೈ ತಾನಾಗಿ ಜಾಕೆಟ್ಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈ ಚಾಚಿದೆ. ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

"ಅತ್ತೆ, ಇದು ಬರ್ನರ್ ಹಚ್ಚಿ ನೋಡೋಕೆ. ದಿನಾ ಹತ್ತು ಸ್ಟೌ ಹಚ್ಚಬೇಕು ನಾನು. ನಿಮಗೆ ಗೊತ್ತಿಲ್ವಾ?"

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತ ಮಾತ್ರ ಗೊತ್ತು."

ಮಗಳ ಮುಖದಲ್ಲಿ ರಕ್ತವಿರಲಿಲ್ಲ. "ರೀ, ನನ್ನ ಮುಖ ನೋಡಿ ಹೇಳಿ."

"ಸೇದಿಲ್ಲ ಕಣೇ. ಹತ್ತು ತಿಂಗಳಿಂದ ಒಂದೇ ಒಂದು ಸೇದಿಲ್ಲ."

"ಹಿಂದೆ ಎರಡು ಸಲವೂ ಹೀಗೇ ಹೇಳಿದ್ರಿ," ಎಂದಳು. ಅದು ನಿಜವೇ ಆಗಿತ್ತು.

"ಮನುಷ್ಯ ಸುಳ್ಳು ಹೇಳ್ತಾನೆ," ಎಂದೆ ನಾನು. "ಗಿಡ ಸುಳ್ಳು ಹೇಳಲ್ಲ."

ಅವಳು ಎದ್ದು ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸದ್ದು, ಬ್ಯಾಗಿನ ಜಿಪ್ಪಿನ ಸದ್ದು ಕೇಳಿಸಿತು. ಬರ್ನರ್ ಟ್ರೇಯನ್ನು ತನ್ನ ಕಡೆ ಎಳೆದುಕೊಂಡು ಎಲೆಗಳನ್ನು ನೋಡುತ್ತ ಕೂತ. ಮುಟ್ಟಲಿಲ್ಲ. ಬ್ಯಾಗು ಬಾಗಿಲಿಗೆ ಬಂದ ಮೇಲೆ ಎದ್ದು ನಿಂತು, ಇಷ್ಟು ದಿನ ಬೈಸಿಕೊಂಡ ಅದೇ ಧ್ವನಿಯಲ್ಲಿ ಹೇಳಿದ:

"ಅತ್ತೆ, ಇನ್ನೊಂದು ಟ್ರೇ ಬಿತ್ತಿ. ಅದೇ ಪೊಟ್ಟಣದ ಬೀಜ. ಕೋಣೆಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಒಂದು ತಿಂಗಳು ನಾನು ಮನೆಗೇ ಬರಲ್ಲ, ನನ್ನ ರಿಪೇರಿ ಅಂಗಡಿಯಲ್ಲಿ ಮಲಗ್ತೀನಿ. ನೀವೊಬ್ರೇ ಸವರಿ. ಸಸಿ ಚೆನ್ನಾಗಿ ಬಂದ್ರೆ ನಾನು ಸೇದಿದ್ದು ನಿಜ, ಆ ಬ್ಯಾಗು ತಗೊಂಡು ಪೂರ್ತಿ ಹೋಗ್ತೀನಿ. ಮತ್ತೆ ಇದೇ ನಂಜು ಬಂದ್ರೆ, ನನ್ನ ಕೈ ಅಲ್ಲ ಅಂತಾಯ್ತಲ್ಲ?"

ಮಗಳು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಆಸೆ ಇತ್ತು, ಅವನ ಪರವಾಗಿ. ನನಗೆ ಉರಿಯಿತು. ಆದರೂ ಗೆಲ್ಲುವ ಪಂದ್ಯ, ಬೇಡವೆನ್ನುವುದೇಕೆ? "ಆಗಲಿ ಅಳಿಯಂದಿರೇ," ಎಂದೆ. ಸಿಟ್ಟು ಬಂದಾಗ ನಾನು ಅವನಿಗೆ ಮರ್ಯಾದೆ ಕೊಡುತ್ತಿದ್ದೆ.

ಹಳೆಯ ಸಸಿಗಳನ್ನೆಲ್ಲ ಸುಟ್ಟೆ. ಟ್ರೇ, ಸ್ಟ್ಯಾಂಡು, ಗೋಡೆ, ನೆಲ ಎಲ್ಲ ಬ್ಲೀಚಿನಲ್ಲಿ ತೊಳೆದೆ. ಹೊಸ ಮಣ್ಣನ್ನು ಕುದಿಯುವ ನೀರಿನ ಹಬೆಯಲ್ಲಿ ಬೇಯಿಸಿ ಆರಿಸಿದೆ. ನಲವತ್ತು ಬೀಜ ಬಿತ್ತಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗಳು ಆ ಬಾಗಿಲ ಹತ್ತಿರವೂ ಸುಳಿಯಲಿಲ್ಲ. "ನನ್ನ ಕೈಯೂ ತಾಗೋದು ಬೇಡ," ಎಂದಳು.

ಪ್ರತಿ ಭಾನುವಾರ ಬೆಳಿಗ್ಗೆ ಅವನು ಗೇಟಿನ ಆಚೆ ಬಂದು ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಮಗಳು ನನ್ನನ್ನು ಕೇಳಿ, ಕಿಟಕಿಯಲ್ಲಿ ನಿಂತು, ಎಷ್ಟು ಎಲೆ ಬಂತೆಂದು ಬೆರಳೆತ್ತಿ ತೋರಿಸುತ್ತಿದ್ದಳು. ಒಂದು ಭಾನುವಾರ ಎರಡು ಬೆರಳು. ಇನ್ನೊಂದು ಭಾನುವಾರ ನಾಲ್ಕು. ಅವನು ತಲೆಯಾಡಿಸಿ ಹೋಗುತ್ತಿದ್ದ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಿಟಕಿ ಬಿಡುತ್ತಿರಲಿಲ್ಲ. "ಸ್ವಲ್ಪ ಇಳಿದು ಹೋಗಿದ್ದಾರೆ ಅಲ್ವಾಮ್ಮ?" ಎನ್ನುತ್ತಿದ್ದಳು. ನಾನು ಹೋಗಿ ಸಸಿ ಸವರುತ್ತಿದ್ದೆ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಸವರುವ ಮೊದಲು ಒಂದು ಚಿಟಿಕೆ.

ಗಡುವಿಗೆ ಇನ್ನು ಮೂರು ದಿನವಿತ್ತು. ಗುರುವಾರ ಬೆಳಿಗ್ಗೆ ಬೀಗ ತೆಗೆದು ಲೈಟು ಹಾಕಿದೆ. ನಡುವಿನ ಸಾಲಿನಲ್ಲಿ ಒಂದು ಎಲೆ: ತಿಳಿ ಹಸಿರು, ಕಡು ಹಸಿರು, ತೇಪೆ. ಬಗ್ಗಿ ನೋಡಿದೆ. ಒಂದಲ್ಲ, ಆರು.

ಮೊದಲು ಸಿಟ್ಟು ಬಂತು. ಅವನು ಹೇಗೋ ಕಿಟಕಿಯಿಂದ ಒಳಗೆ ಇಳಿದಿದ್ದಾನೆ ಎಂದು ಅದರ ಚಿಲಕ ಪರೀಕ್ಷಿಸಿದೆ. ಚಿಲಕದ ಮೇಲೆ ಧೂಳು ಹಾಗೇ ಇತ್ತು. ಬೀಜದ್ದೇ ತಪ್ಪಿರಬಹುದೇ? ಅದೇ ಪೊಟ್ಟಣದ ಬೀಜ ಕೊಂಡಿದ್ದ ಟೀಚರಮ್ಮನೊಬ್ಬರ ಸಸಿಗಳು ಹಿಂದಿನ ದಿನವಷ್ಟೇ ಅಂಗಡಿಗೆ ಬಂದಿದ್ದವು, ಕಣ್ಣಿಗೆ ಒತ್ತಿಕೊಳ್ಳುವ ಹಾಗಿದ್ದವು. ಸ್ಟೂಲಿನ ಮೇಲೆ ಕೂತು ಬೆರಳು ಮಡಚಲು ಶುರು ಮಾಡಿದೆ. ಬೆಳಕು. ನೀರು. ಚಳಿ. ಮಣ್ಣು. ಹೆಬ್ಬೆರಳಿಗೆ ಬಂದಾಗ ತಲೆ ಕೆಲಸ ಮಾಡಲಿ ಎಂದು ಅಭ್ಯಾಸಬಲದಿಂದ ಡಬ್ಬಿ ತೆಗೆದೆ. ಮುಚ್ಚಳ ತೆರೆದು ಚಿಟಿಕೆ ಹಿಡಿದೆ. ಆ ಬೆಳಕಿನಲ್ಲಿ ನನ್ನ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಕಂದು ಬಣ್ಣಕ್ಕಿದ್ದವು.

ನಶ್ಯ ಎಂದರೆ ಹೊಗೆಸೊಪ್ಪಿನ ಪುಡಿ. ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಗೊತ್ತಿದ್ದೂ ಹತ್ತು ತಿಂಗಳಲ್ಲಿ ಒಂದು ಸಲವೂ ಅದು ನನಗೆ ಹೊಗೆಸೊಪ್ಪಾಗಿ ಕಂಡಿರಲಿಲ್ಲ, ಮದ್ದಾಗಿಯೇ ಕಂಡಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ತೋರಿಸಿದವಳು ನಾನು. ಬೆರಳು ಬಿಟ್ಟೆ, ಪುಡಿ ಟ್ರೇಯ ಮೇಲೆಯೇ ಉದುರಿತು.

ಹೇಳಬೇಕಿತ್ತು. ಕೋಣೆಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಮಗಳು ಕೆಲಸಕ್ಕೆ ಹೊರಡುವ ಆತುರದಲ್ಲಿ ಅಲ್ಲೇ ಇದ್ದಳು. ಬೀಗ ಹಾಕಿ ಹೋದೆ ಕೂಡ. ಅವಳು ನನ್ನ ಮುಖ ನೋಡಿ, "ಏನಾಯ್ತಮ್ಮ? ಬಂತಾ ನಂಜು?" ಎಂದು ಕೇಳಿದಳು. ಕೇಳುವಾಗ ಅವಳ ಮುಖ ಹೇಗೆ ಅರಳಿತೆಂದರೆ, ನಾನೂರು ಸಸಿ ಹೋದರೂ ಚಿಂತೆಯಿಲ್ಲ, ನಾನು ತಲೆ ತಗ್ಗಿಸಿದರೂ ಚಿಂತೆಯಿಲ್ಲ, ಅವನೊಬ್ಬ ಬಂದರೆ ಸಾಕು ಅನ್ನುವ ಹಾಗಿತ್ತು. ಆ ಮುಖವೇ ನನ್ನನ್ನು ಕೆಡಿಸಿತು.

"ಇಲ್ಲ," ಎಂದೆ. "ಚೆನ್ನಾಗಿವೆ."

ಅರಳಿದ ಮುಖ ಮುದುಡಿತು. ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಆ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ನಲವತ್ತು ಸಸಿಯನ್ನೂ ಕಿತ್ತು ಚೀಲಕ್ಕೆ ತುಂಬಿ, ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿ, ಬಸ್ಸು ಹಿಡಿದು ನಾನು ಕೆಲಸ ಮಾಡಿದ ನರ್ಸರಿಗೆ ಹೋದೆ. ಸಸಿಮನೆಯ ಬಾಗಿಲಲ್ಲಿ ಹಳೆಯ ಬೋರ್ಡು ಇನ್ನೂ ಇತ್ತು: ಹೊಗೆಸೊಪ್ಪು ಮುಟ್ಟಿದವರು ಸೋಪಿನಿಂದ ಕೈ ತೊಳೆದು ಒಳಗೆ ಬನ್ನಿ. ಆ ಬೋರ್ಡು ಬರೆಸಿದವಳು ನಾನೇ.

ಮೇಸ್ತ್ರಿ ನನ್ನ ಕೈಕೆಳಗೆ ಕಲಿತವನು. "ಏನು ಡಾಕ್ಟರಮ್ಮ, ಡಾಕ್ಟರೇ ಔಷಧಿ ಅಂಗಡಿಗೆ ಬಂದ್ರಾ?" ಎಂದು ನಕ್ಕ. ಆಮೇಲೆ ಮೂಗು ಅರಳಿಸಿ, ಸಂಕೋಚದಿಂದ ನಲ್ಲಿಯ ಕಡೆ ತೋರಿಸಿದ. "ನಶ್ಯದ ವಾಸನೆ ಬರ್ತಿದೆ. ತಪ್ಪು ತಿಳ್ಕೋಬೇಡಿ, ನಿಯಮ ನಿಮ್ಮದೇ." ನಾನು ತೊಳೆದೆ. ಮೂರು ಸಲ ತೊಳೆದೆ. ಮೂವತ್ತು ದಿನದ ನಲವತ್ತು ಸಸಿ ಆರಿಸಿಕೊಂಡು, ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಮನೆಯ ಟ್ರೇಯನ್ನು ಮತ್ತೆ ಬ್ಲೀಚಿನಲ್ಲಿ ತೊಳೆದು, ಕೈಯನ್ನು ಹಾಲಿನಲ್ಲಿ ಅದ್ದಿ, ಒಂದೊಂದನ್ನೇ ಕೂರಿಸಿದೆ. ಹಾಲು ನಂಜನ್ನು ಕಟ್ಟುತ್ತದೆ ಎಂಬುದು ನಮ್ಮ ಕಸುಬಿನ ಹಳೆಯ ಉಪಾಯ. ಮಗಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಭಾನುವಾರ ಅವನು ಗೇಟು ದಾಟಿ ಒಳಗೆ ಬಂದ. ಗಡ್ಡ ಬೋಳಿಸಿದ್ದ, ಇಸ್ತ್ರಿ ಅಂಗಿ ಹಾಕಿದ್ದ. ಚಪ್ಪಲಿಗಳನ್ನು ಜೊತೆಯಾಗಿ ಬಿಟ್ಟ. ಯಾರೂ ಹೇಳದಿದ್ದರೂ ಮೊದಲು ಹೋಗಿ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ಬಂದ. ಮಗಳು ಗೋಡೆಗೆ ಒರಗಿ ನಿಂತಿದ್ದಳು. ನಾನು ಬೀಗ ತೆಗೆದು ಲೈಟು ಹಾಕಿದೆ.

ನಲವತ್ತು ಸಸಿ, ಒಂದು ಎಲೆಗೂ ಕಳಂಕವಿಲ್ಲ.

ಅವನು ಬಗ್ಗಿ ತುಂಬ ಹೊತ್ತು ನೋಡಿದ. ಆಮೇಲೆ ಅಂಗೈಯನ್ನು ಅವುಗಳ ತಲೆಯ ಮೇಲೆ ಒಂದೇ ಒಂದು ಸಲ ಆಡಿಸಿದ. ಸಸಿಗಳು ಅತ್ತ ಬಾಗಿದವು, ಬಾಗಿದವು ಬೇಗ ಎದ್ದು ನಿಲ್ಲಲಿಲ್ಲ.

"ಇವನ್ನ ಯಾರೂ ಸವರಿಲ್ಲ ಅತ್ತೆ," ಎಂದ ಮೆಲ್ಲಗೆ. "ದಿನಾ ಸವರಿದ ಸಸಿ ಹೀಗೆ ಬಾಗಲ್ಲ. ಇವು ಈ ಮನೆಯವಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದೆ ನಾನು.

"ನೀನೇ ಮುಟ್ಟಿ ನೋಡು ಕಣೇ," ಎಂದು ಮಗಳ ಕಡೆ ತಿರುಗಿದ.

"ಸಾಕು ರೀ," ಎಂದಳು ಅವಳು. "ಷರತ್ತು ಹಾಕಿದ್ದು ನೀವೇ. ಇನ್ನೂ ಎಷ್ಟು ಸುಳ್ಳು ಹೇಳ್ತೀರಿ? ನನ್ನ ಅಮ್ಮನ್ನೂ ಕಳ್ಳಿ ಮಾಡ್ತೀರಾ?"

ಅವನ ಕಣ್ಣು ನನ್ನ ಮುಖದಿಂದ ಇಳಿದು ನನ್ನ ಬಲಗೈಗೆ ಬಂತು. ನಾನು ಕೈಯನ್ನು ಶಾಲಿನೊಳಗೆ ಎಳೆದುಕೊಂಡೆ. ಕಂಡನೋ ಇಲ್ಲವೋ ತಿಳಿಯದು. ಕಂಡ ಎಂದೇ ಅನಿಸುತ್ತದೆ.

"ಅತ್ತೆ," ಎಂದ, "ಒಂದು ಮಾತು ಹೇಳಿ. ನೀವು ಹೇಳಿದ್ರೆ ಅವಳು ನಂಬ್ತಾಳೆ. ಒಂದೇ ಮಾತು."

ಮೂರು ವರ್ಷದಲ್ಲಿ ಅವನು ನನ್ನಲ್ಲಿ ಕೇಳಿಕೊಂಡದ್ದು ಅದೊಂದೇ. ನನ್ನ ಗಂಟಲಿಗೆ ಆ ಮಾತು ಬಂದಿತ್ತು, ಸುಳ್ಳೇಕೆ ಹೇಳಲಿ.

"ನಾನೇನು ಹೇಳ್ಲಿ ಅಳಿಯಂದಿರೇ?" ಎಂದೆ. "ಗಿಡ ಹೇಳಿದೆಯಲ್ಲ."

ಅವನು ಬಾಗಿಲಲ್ಲಿದ್ದ ಬ್ಯಾಗಿನ ಕಡೆ ತಿರುಗಿದ. ಹೋಗುವಾಗ ಕೈ ಚಾಚಿ ಟ್ಯೂಬ್‌ಲೈಟಿನ ಸರಪಳಿಯ ಕೊಕ್ಕೆಯನ್ನು ಒಂದು ಕೊಂಡಿ ಕೆಳಗೆ ಇಳಿಸಿದ. ಲೈಟು ಸ್ವಲ್ಪ ಎತ್ತರದಲ್ಲಿತ್ತು, ನಾನು ಗಮನಿಸಿರಲಿಲ್ಲ.

ಮಗಳು ಕಿಟಕಿಗೆ ಹೋಗಿ ನಿಂತಳು. ನಾನೂ ಹೋಗಿ ಅವಳ ಹಿಂದೆ ನಿಂತೆ. ಅವನು ರಸ್ತೆ ದಾಟಿ ಮೂಲೆಯಂಗಡಿಯ ಮುಂದೆ ನಿಂತ. ಆಮೇಲೆ ಒಂದು ಸಿಗರೇಟು ಕೊಂಡು, ಜೇಬಿನಿಂದ ಅದೇ ಬೆಂಕಿಪೊಟ್ಟಣ ತೆಗೆದು, ನಮ್ಮ ಕಿಟಕಿಯನ್ನೇ ನೋಡುತ್ತ ಹಚ್ಚಿದ. ಒಂದು ದಮ್ಮು ಎಳೆದವನೇ ಬಗ್ಗಿ, ಮಂಡಿ ಹಿಡಿದು ಕೆಮ್ಮಿದ. ತಿಂಗಳುಗಟ್ಟಲೆ ಸೇದದೇ ಇದ್ದವನು ಮಾತ್ರ ಮೊದಲ ದಮ್ಮಿಗೆ ಹಾಗೆ ಕೆಮ್ಮುತ್ತಾನೆ. ನನ್ನ ಗಂಡನೊಡನೆ ಮೂವತ್ತು ವರ್ಷ ಬಾಳಿದ ನನಗೆ ಅದು ಗೊತ್ತು. ಅವಳಿಗೆ ಕಂಡಿದ್ದು ಹೊಗೆ ಮಾತ್ರ.

ಅವಳು ಪರದೆ ಎಳೆದಳು. ತಿರುಗಿ, ನನ್ನ ಬಲಗೈಯನ್ನು ಶಾಲಿನೊಳಗಿನಿಂದ ತೆಗೆದು, ತನ್ನ ಕೆನ್ನೆಗೆ ಒತ್ತಿಕೊಂಡು ಅಳತೊಡಗಿದಳು.

"ತಪ್ಪಾಯ್ತಮ್ಮ," ಎಂದಳು. "ಈ ಒಂದು ತಿಂಗಳೂ ನಾನು ಒಳಗೊಳಗೇ ನಿನ್ನ ಮೇಲೇ ಅನುಮಾನ ಪಡ್ತಿದ್ದೆ."

"ಪರವಾಗಿಲ್ಲ ಬಿಡು," ಎಂದೆ.